ನೀವು, ನೀನು

7 ನವೆಂಬರ್ 2025, ಶುಕ್ರವಾರ. ಫಹಾಹೀಲ್, ಕುವೈತ್.

ಇಲ್ಲಿನ ನಮ್ಮ ಕನ್ನಡ ಸಂಘದ ಮಕ್ಕಳಿಗಾಗಿ ಇಂಗ್ಲಿಷ್ ಚಿತ್ರವೊಂದಕ್ಕೆ ಕನ್ನಡ ಮಾತು ಬರೆಯುತ್ತಿದ್ದೇನೆ. ಅದರಲ್ಲಿ ನಟಿಸಿದ ಹುಡುಗ ಇಂಗ್ಲೆಂಡಿನವನು, ಹತ್ತು ವರ್ಷದವನು; ಇದು ಅವನ ಎರಡನೇ ಚಿತ್ರ. ಮೊದಲನೆಯದರಲ್ಲಿ ಬಾಗಿಲು ತೆರೆಯುವುದಷ್ಟೇ ಅವನ ಪಾತ್ರ. ಇದರಲ್ಲಿ ಚಿತ್ರವಿಡೀ ಅಪ್ಪನಿಗೆ ಹೆದರುತ್ತಾನೆ. ಕೊನೆಗೊಮ್ಮೆ, ನಾಯಿಯನ್ನು ಮಾರಿ ಬಂದ ಅಪ್ಪನನ್ನು ದಿಟ್ಟಿಸಿ, "ಸುಳ್ಳು ಹೇಳಿದೆ ನೀನು" ಎನ್ನುತ್ತಾನೆ. ಅಲ್ಲಿಯವರೆಗೆ ನಾನು "ನೀವು" ಎಂದೇ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ವ್ಯತ್ಯಾಸವೆಲ್ಲ ಆ ಹುಡುಗನ ಮುಖದಲ್ಲಿದೆ.

ಸಂಘದ ಅಧ್ಯಕ್ಷ ತನಿಯಪ್ಪಣ್ಣ ಇವತ್ತು ಫೋನಿನಲ್ಲಿ ತಕರಾರು ತೆಗೆದರು. "ಅಪ್ಪನಿಗೆ ನೀನು ಅಂತ ಹೇಳಿಸುವುದಾ ಉಮಕ್ಕ? ನಮ್ಮ ಮಕ್ಕಳು ಅದನ್ನೇ ಕಲೀತಾರೆ. ನೀವು ಅಂತ ಮಾಡಿ, ಖಲಾಸ್."

"ಮನೆಯಲ್ಲಿ ನಿಮ್ಮ ಮಗ ಶ್ರವಣ್ ನಿಮಗೆ ‘ಯೂ’ ಅಂತಾನಲ್ಲ ಅಣ್ಣ, ಅದು ನೀವೋ ನೀನೋ?"

ನಕ್ಕರು, ಆದರೆ ಬಿಟ್ಟುಕೊಡಲಿಲ್ಲ. ನಾಳೆ ಧ್ವನಿಮುದ್ರಣಕ್ಕೆ ಮೊದಲು ತಿದ್ದದಿದ್ದರೆ ಬೇರೆಯವರಿಂದ ಬರೆಸುತ್ತಾರಂತೆ.

ಬರೆಸಲಿ. ಆ ಮಗು ಅಷ್ಟು ಕಷ್ಟಪಟ್ಟು ಮುಖಕ್ಕೆ ತಂದುಕೊಂಡ ಧೈರ್ಯವನ್ನು ಮರ್ಯಾದೆಯ ಹೆಸರಿನಲ್ಲಿ ನಾನು ಕಿತ್ತುಕೊಳ್ಳಲಾರೆ. ನಾಳೆ ಒಂದಕ್ಷರವನ್ನೂ ತಿದ್ದದೆ ಹೋಗುತ್ತೇನೆ. "ನೀನು" ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆಯಿರಿ ಎನ್ನುತ್ತೇನೆ. ಫೋನಿನಲ್ಲಲ್ಲ, ಎಲ್ಲರೆದುರಿಗೆ.