ಸೇತುವೆಯ ಕೊನೆಯ ಗೂಟ

ಎಲ್ವಿನ್,

ನೀನು ಸಾಯುವಾಗ ಅರ್ಧಕ್ಕೆ ಬಿಟ್ಟುಹೋದ, ಚಾವಣಿ ಹೊದಿಸಿದ ಮರದ ಸೇತುವೆಯ ದುರಸ್ತಿ ಇಂದು ಮುಗಿಯಿತು. ವರ್ಮಾಂಟಿನ ಎಲ್ಲ ಕಡೆಯಿಂದ ಜನ ಬಂದಿದ್ದರು. ತೊಲೆಗಳನ್ನು ಬಿಗಿಯಲು ನೀನು ಕೆತ್ತಿಟ್ಟಿದ್ದ ಕೊನೆಯ ಓಕ್ ಗೂಟವನ್ನು ನಿನ್ನ ಮನೆಯವರೇ ಬಡಿಯಬೇಕೆಂದು ಬಡಗಿಗಳು ನನ್ನನ್ನು ಕರೆದರು.

ಆರ್ಫಾಳೂ ಇದ್ದಳು. ಹನ್ನೊಂದು ವರ್ಷ ನಿನ್ನ ಜೊತೆ ತೊಲೆ ಹಿಡಿದವಳು, ಬರದೆ ಇರುತ್ತಾಳೆಯೇ!

ನಾನು ಗೂಟವನ್ನು ರಂಧ್ರಕ್ಕಿಟ್ಟೆ.

"ಅಯ್ಯೋ ತಡಿ ಹೆಸ್ಟರ್, ಸಣ್ಣ ತುದಿ ಒಳಗೆ ಹೋಗ್ಬೇಕು!" ಎಂದಳು ಅವಳು.

ಮುದುಕ ಏಮೋಸ್ ನಕ್ಕ. "ಬಡಗಿ ಹೆಂಡ್ತಿ ನೋಡ್ರಪ್ಪ! ಗಂಡ ಏನೂ ಹೇಳ್ಕೊಡ್ಲಿಲ್ವಾ?"

"ಪಾಪ, ಅವನನ್ಯಾಕೆ ಅಂತೀಯ?" ಎಂದಳು ಆರ್ಫಾ. "ಪ್ರತಿ ಶನಿವಾರ ಕೆಲಸ ಕಲಿಯೋಕೆ ಇವಳು ಬರ್ತಾಳೆ ಅಂತ ಕಾಯ್ತಿದ್ದ. ಇವಳ ಕೈಗೆ ಸರಿಹೋಗ್ಲಿ ಅಂತ ಹಿಡಿ ಸಣ್ಣ ಮಾಡಿ ಒಂದು ಕೊಡತೀನೂ ಮಾಡಿಟ್ಟಿದ್ದ."

ಶನಿವಾರಗಳಲ್ಲಿ ನೀನು ಕರೆದಾಗ ನಾನು ಬಟ್ಟೆ ಒಗೆಯುವುದಿದೆ ಎನ್ನುತ್ತಿದ್ದೆ.

"ಅದು ಈಗ ಎಲ್ಲಿದೆ?" ಎಂದು ಕೇಳಿದೆ.

ಆರ್ಫಾ ತನ್ನ ಚೀಲದಿಂದ ಆ ಮರದ ಕೊಡತಿಯನ್ನು ತೆಗೆದುಕೊಟ್ಟಳು. ಹಿಡಿ ನನ್ನ ಕೈಗೆ ಸರಿಯಾಗಿತ್ತು. ಆದರೆ ಅವಳು ಬಳಸಿ ಬಳಸಿ ಅದು ಸವೆದು ನುಣುಪಾಗಿತ್ತು.

ಗೂಟ ತಿರುಗಿಸಿ ಅದರಿಂದಲೇ ಬಡಿದೆ. ಆಮೇಲೆ ಕೊಡತಿಗಾಗಿ ಅವಳು ಕೈ ಚಾಚಿದಳು. ನಾನು ಕೊಡಲಿಲ್ಲ.