ಸ್ಟೀರಿಂಗ್ ಹಿಡಿದು ಕೂತವಳು

ಕೊಡಿಗೇಹಳ್ಳಿ
9 ಡಿಸೆಂಬರ್ 2012, ಭಾನುವಾರ

ಪ್ರೀತಿಯ ಜಿಯಾವುಲ್ಲಾ,

ನಿನಗೂ ಮನೆಮಂದಿಗೂ ಬಾಲರಾಜನ ಸಲಾಂ. ರಂಜಾನ್ ತಿಂಗಳಲ್ಲಿ ನೀನು ಹಾಕಿದ ಕಾರ್ಡಿಗೆ ಈಗ ಉತ್ತರ ಬರೀತಿದ್ದೀನಿ, ತಪ್ಪು ನಂದೇ. ಕಾಲೇಜಲ್ಲಿ ಇಂಗ್ಲಿಷ್ ಮೇಷ್ಟ್ರು ಯಾವ ಪತ್ರ ಆದರೂ ‘ಐ ಬೆಗ್ ಟು ಸ್ಟೇಟ್’ ಅಂತ ಶುರು ಮಾಡಬೇಕು ಅಂತಿದ್ದರು. ಬೆಗ್ ಮಾಡೋದು ಸುಲಭ, ಸ್ಟೇಟ್ ಮಾಡೋದೇ ಕಷ್ಟ. ಅದರಲ್ಲೇ ನಾಲ್ಕು ತಿಂಗಳು ಕಳೆದುಹೋಯ್ತು.

ಚಿಂತಾಮಣಿಯಲ್ಲಿ ಚಳಿ ಹೇಗಿದೆ? ನಿನ್ನ ಮಂಡಿನೋವು? ಈ ಪತ್ರಾನೂ ಎಂದಿನ ಹಾಗೆ ನಿನ್ನ ಮಗಳು ರೆಹಾನಾನೇ ಓದಿ ಹೇಳ್ತಿರಬೇಕು. ಮಗಳೇ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ, ನಿಧಾನಕ್ಕೆ ಓದಮ್ಮ.

ನಮ್ಮ ಫಿಯಟ್ ಇನ್ನೂ ಇದೆ ಕಣೋ. ಎಪ್ಪತ್ತೆಂಟರ ಗಾಡಿ. ಹೆಬ್ಬಾಳದ ನಿನ್ನ ರಿಪೇರಿ ಶೆಡ್ ಮುಚ್ಚಿ ನೀನು ಊರಿಗೆ ಹೋದ ಮೇಲೆ ಅದಕ್ಕೆ ಸರಿಯಾದ ಕೈ ಬೀಳಲೇ ಇಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ನಮ್ಮನೆಯವಳು ಗೋಪಾಲಮ್ಮ ತೀರಿಹೋದಳಲ್ಲ, ಆವತ್ತಿಂದ ಟಾರ್ಪಾಲು ಹೊದಿಸಿ ನಿಲ್ಲಿಸಿಬಿಟ್ಟಿದ್ದೆ. ಈಗ ಸಂಜಯನಗರದಿಂದ ನನ್ನ ಮಗಳು ಆಶಾರಾಣಿ ಬಂದು, ಡ್ರೈವಿಂಗ್ ಕಲಿತರೆ ಇದರಲ್ಲೇ ಕಲಿಯೋದು ಅಂತ ಹಟ ಹಿಡಿದಿದ್ದಾಳೆ. ಜಿಯಾವುಲ್ಲಾ ಬಂದು ನೋಡಿ ಹ್ಞೂಂ ಅನ್ನಲಿ, ಆಮೇಲೆ ನೋಡೋಣ ಅಂದೆ. ಅಂದಮೇಲೆ ಯಾಕೋ ನಾಲಿಗೆ ಕಚ್ಚಿಕೊಂಡೆ.

ಮೊದಲು ನಾನೇ ನೋಡಿಬಿಡೋಣ ಅಂತ ಗಾಡಿ ಕೆಳಗೆ ಮಲಗಿದೆ. ಸ್ಟೀರಿಂಗ್ ಎಷ್ಟು ಸವೆದಿದೆ ಅಂತ ಒಬ್ಬರೇ ನೋಡೋಕಾಗಲ್ಲವಲ್ಲ, ಮೇಲೆ ಕೂತು ಚಕ್ರ ಅಲ್ಲಾಡಿಸೋಕೆ ಇನ್ನೊಬ್ಬರು ಬೇಕು. ಪಕ್ಕದ ಮನೆಯ ನಮ್ಮ ದೊಡ್ಡಪ್ಪನ ಮಗಳು ಮುನಿಕೃಷ್ಣಮ್ಮಕ್ಕನ್ನ ಕೂರಿಸಿದೆ. ಅವಳು ರಾಗಿಕಲ್ಲು ಬೀಸೋ ಹಾಗೆ ಗರಗರ ತಿರುಗಿಸಿಬಿಟ್ಟಳು. ಇನ್ನೊಂಚೂರಲ್ಲಿ ನನ್ನ ಬೆರಳೇ ಹೋಗ್ತಿತ್ತು.

“ಅಕ್ಕಾ, ಆ ಕಡೆ ಒಂದಿಂಚು, ಈ ಕಡೆ ಒಂದಿಂಚು ಸಾಕು.”

“ಇಂಗಾ?”

“ಇನ್ನೂ ಕಮ್ಮಿ. ತೊಟ್ಟಿಲು ತೂಗ್ತೀಯಲ್ಲ, ಹಾಗೆ.”

“ಒಳ್ಳೆ ತೊಟ್ಟಿಲು ಬುಡು. ಮಲಗಿರೋ ಕೂಸಿಗೆ ಅರವತ್ತೆಂಟು ವರ್ಸ, ಮೈಯೆಲ್ಲಾ ಗ್ರೀಸು.”

ನಗು ಬಂತು. ಮುಂದಿನ ಗಾಲಿಗೆ ಸೇರೋ ಟೈ ರಾಡ್ ಎಂಡ್ ಮೇಲೆ ಕೈಯಿಟ್ಟೆ. ಎಡಗಡೇದು ಸವೆದು ಚೆನ್ನಾಗೇ ಟಕ್ ಅಂತಿತ್ತು, ಐಡ್ಲರ್ ಬುಷ್ಷೂ ಪುಡಿಯಾಗಿತ್ತು. ಆದರೆ ನನಗೆ ಕೇಳ್ತಿದ್ದದ್ದು ಬೇರೆ. ಗೋಪಾಲಮ್ಮ ಕೂತಾಗ ಮೊದಲು ಅವಳ ಬಳೆ ಸದ್ದು, ಆಮೇಲೆ ಕೆಳಗೆ ಟಕ್. ಎರಡರ ನಡುವೆ ಎಷ್ಟು ಹೊತ್ತು ಹಿಡೀತೋ ಅಷ್ಟು ಸವೆದಿದೆ ಅಂತ ನೀನೇ ತೋರಿಸಿಕೊಟ್ಟಿದ್ದೆ. ನೀನು ಕೆಳಗೆ, ಅವಳು ಮೇಲೆ, ನಾನು ಟಾರ್ಚ್ ಹಿಡಿದು ನಿಂತ ದಂಡಪಿಂಡ. ನೀನು ಬಾಯಿ ಬಿಡೋಕೆ ಮುಂಚೆ “ಎಡಗಡೇದು ಜಿಯಾ” ಅಂತ ಅವಳೇ ಹೇಳಿಬಿಡ್ತಿದ್ದಳು. ಮುನಿಕೃಷ್ಣಮ್ಮಕ್ಕನ ಕೈಯಲ್ಲಿ ಬಳೆ ಇದೆ, ಆದರೆ ಅದು ಗೋಪಾಲಮ್ಮನ ಬಳೆ ಅಲ್ಲ. ಏನ್ ಹೇಳಲಿ.

ಅಷ್ಟರಲ್ಲಿ ಅಕ್ಕ ಚಕ್ರ ಅಲ್ಲಾಡಿಸೋದು ನಿಲ್ಲಿಸಿ, ತನಗೆ ತಾನೇ ಹೇಳಿಕೊಳ್ಳೋ ಹಾಗೆ ಅಂದಳು: “ಪಾಪ ಗೋಪಾಲಮ್ಮ. ಇಲ್ಲಿ ಕೂತು ಅಲ್ಲಾಡ್ಸಿದ್ದೇ ಆಯ್ತು. ಒಂದಿನಾನಾದ್ರೂ ಓಡುಸ್ಲಿಲ್ಲ.”

ಬಾಗಿಲಾಚೆ ಚಾಚಿದ್ದ ಅವಳ ಒಂದು ಕಾಲು ಬಿಟ್ಟರೆ ನನಗೇನೂ ಕಾಣ್ತಿರಲಿಲ್ಲ. ನನ್ನ ಮುಖವೂ ಅವಳಿಗೆ ಕಾಣ್ತಿರಲಿಲ್ಲ, ಅದೇ ಪುಣ್ಯ.

ಮಾರನೇ ದಿನ ಜೆ.ಸಿ. ರೋಡಿಗೆ ಹೋಗಿ ಎಂಡ್‌ಗಳು, ಬುಷ್ ತಂದೆ. ಇಂಥ ಗಾಡಿ ಇನ್ನೂ ಇದೆಯಾ ಅಂತ ಅಂಗಡಿಯವನು ನನ್ನನ್ನೇ ಮೇಲೆ ಕೆಳಗೆ ನೋಡಿದ. ನೀನು ಮಾಡ್ತಿದ್ದ ಹಾಗೆ ಎರಡು ಸುತ್ತಿಗೆಯಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ಹೊಡೆದು ಬಿಡಿಸಿದೆ. ಹಳೇದು ಎಷ್ಟು ಸುತ್ತು ತಿರುಗಿ ಬಿಚ್ಚಿಕೊಂಡಿತೋ ಎಣಿಸಿಟ್ಟುಕೊಂಡು ಹೊಸದನ್ನ ಅಷ್ಟೇ ಸುತ್ತು ತಿರುಗಿಸಿ ಕೂರಿಸಿದೆ. ನಟ್ಟಿಗೆ ಪಿನ್ ಹಾಕೋದು ಮರೀಲಿಲ್ಲ. ಮೂರು ದಿನ ಹಿಡೀತು, ನೀನಾಗಿದ್ದರೆ ಅರ್ಧ ದಿನ. ಈಗ ಚಕ್ರಕ್ಕೆ ಒಂದು ಬೆರಳು ಸಾಕು. ಅದು ಹಾಗೆ ಹಗುರಕ್ಕೆ ತಿರುಗಿದಾಗ ನನಗೆ ಸಂತೋಷ ಆಗಬೇಕಿತ್ತು. ಕೂತುಕೊಂಡೇ ಇದ್ದೆ, ಬಿಸಿಲು ಬಾನೆಟ್ ದಾಟಿ ಗೋಡೆ ಹತ್ತೋವರೆಗೂ. ಪಕ್ಕದ ಸೀಟು ನಂದು, ಈ ಸ್ಟೀರಿಂಗ್ ಮುಂದಿನ ಸೀಟು ಗೋಪಾಲಮ್ಮಂದು ಅನ್ನಿಸ್ತಿತ್ತು.

ಸ್ಟೀರಿಂಗ್ ಬಾಕ್ಸ್ ಮಾತ್ರ ಮುಟ್ಟಿಲ್ಲ. ಅದರ ಸ್ಕ್ರೂ ಕಾಲು ಸುತ್ತು ಹೆಚ್ಚಾದರೂ ಗಾಡಿ ಬಿಗಿದುಕೊಳ್ಳುತ್ತೆ, ಅದು ನಿನ್ನ ಕೈಗೇ ಸರಿ. ಒಂದು ಸಲ ಬಾ ಜಿಯಾ. ಹೆಬ್ಬಾಳದಲ್ಲಿ ಇಳಿದು ಫೋನ್ ಮಾಡು, ನಾನೇ ಬಂದು ಕರ್ಕೊಂಡು ಬರ್ತೀನಿ. ಎಂಟು ವರ್ಷದಿಂದ ನೀನು ಈ ಕಡೆ ತಲೆ ಹಾಕಿಲ್ಲ.

ರೆಹಾನಾಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ದೇವರು, ನನ್ನ ದೇವರು ಇಬ್ಬರೂ ಸೇರಿ ನಿನ್ನ ಮಂಡಿ ಕಾಯಲಿ.

ಇತಿ ನಿನ್ನ,
ಬಾಲರಾಜ್

ವಿ.ಸೂ.: ಈ ಹಾಳೆ ಬೇರೆ ಮಡಚಿಟ್ಟಿದ್ದೀನಿ. ರೆಹಾನಾ ಕೈಗೆ ಕೊಡಬೇಡ. ಕನ್ನಡಕ ಹಾಕ್ಕೊಂಡು ನೀನೇ ಓದು, ಎಷ್ಟು ಹೊತ್ತಾದರೂ ಆಗಲಿ.

ತೊಂಬತ್ತೊಂಬತ್ತರಲ್ಲಿ ಎಂಡ್ ಹೊಸದು ಹಾಕಿ ಕೈ ಒರೆಸಿಕೊಳ್ತಾ ನೀನು ನನಗೆ ಹೇಳಿದ್ದೆ: “ಬಾಲಣ್ಣ, ಗಾಡಿ ಬೆಣ್ಣೆ ಆಗಿದೆ, ಅಕ್ಕಂಗೆ ಕಲಿಸಿಬಿಡು.” ಗೋಪಾಲಮ್ಮ ಆಗ ಒಳಗಿದ್ದಳು. ಅವಳಿಗೆ ಕಲಿಯೋ ಆಸೆ ಎಷ್ಟಿತ್ತು ಅಂತ ನಿನಗೆ ಗೊತ್ತಿತ್ತು. ನಾನು ಕಲಿಯಲಾ, ಜಿಯಾ ಏನಂದ ಅಂತ ಸಂಜೆ ಕೇಳಿದಳು. ನಾನಂದೆ, “ಹೆಂಗಸರ ಕೈಗೆ ಈ ಗಾಡಿ ಕೊಡಬೇಡ ಅಂದ ಜಿಯಾ.” ಅವಳು ಗಾಡಿ ಕಲಿತರೆ ಯಲಹಂಕದ ತಂಗಿ ಮನೆಗೆ, ಸಂತೆಗೆ, ಎಲ್ಲಾ ಕಡೆ ಒಬ್ಬಳೇ ಹೋಗ್ತಾಳೆ, ನನ್ನನ್ನ ಯಾರು ಕರೀತಾರೆ ಅನ್ನಿಸಿತ್ತು. ಅದನ್ನ ನನ್ನ ಬಾಯಲ್ಲಿ ಹೇಳೋ ಧೈರ್ಯ ಇರಲಿಲ್ಲ. ನಿನ್ನ ಬಾಯಿಗೆ ಹಾಕಿದೆ.

ಆಮೇಲೆ ಅವಳು ನಿನಗೆ ಟೀ ತರೋದು ನಿಲ್ಲಿಸಿದಳು. ಬಂದು ಕೂತು ಚಕ್ರ ಅಲ್ಲಾಡಿಸಿ, ಒಂದು ಮಾತೂ ಆಡದೆ ಎದ್ದು ಹೋಗ್ತಿದ್ದಳು. ನೀನು ಕೇಳಲಿಲ್ಲ. ನಮ್ಮಂಥವರ ಮನೆಯಲ್ಲಿ ಟೀ ಲೋಟ ಬರೋದು ನಿಂತರೆ ನಿನ್ನಂಥವನು ಏನಂತ ತಿಳ್ಕೋತಾನೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅವಳ ಮಣ್ಣಿಗೆ ನೀನು ಬರಲಿಲ್ಲ. ಕೇಳಿದವರಿಗೆಲ್ಲ ಬಸ್ ಸಿಗಲಿಲ್ಲವಂತೆ ಅಂದೆ.

ಅವಳ ಮನಸ್ಸಲ್ಲಿ ಜಾತಿ-ಧರ್ಮದ ಭೇದ ಏನೂ ಇರಲಿಲ್ಲ ಜಿಯಾ. ಇದ್ದದ್ದು ನಾನು ಹೇಳಿದ ಸುಳ್ಳು ಒಂದೇ. ಅವಳಿಗೆ ಹೇಳೋಕೆ ಇನ್ನಾಗಲ್ಲ.

ಸ್ಟೀರಿಂಗ್ ಬಾಕ್ಸಿಗೆ ಏನೂ ಆಗಿಲ್ಲ, ಯಶವಂತಪುರದ ಮೆಕ್ಯಾನಿಕ್‌ಗೆ ತೋರಿಸಿಯಾಯ್ತು, ನಿನ್ನನ್ನ ಕರೆಯೋಕೆ ಅದೊಂದು ನೆಪ. ಆಶಾಗೆ ಈಗಷ್ಟೇ ಫೋನ್ ಮಾಡಿ, ನಾಳೆಯಿಂದಲೇ ಬಾ, ಜಿಯಾವುಲ್ಲಾ ಯಾವತ್ತೂ ಬೇಡ ಅಂದಿರಲಿಲ್ಲ ಅಂತ ಹೇಳಿದೆ. ನೀನು ಬಂದರೆ ಗಾಡಿ ನೋಡೋಕೆ ಬರಬೇಡ. ನನ್ನನ್ನ ಬಯ್ಯೋಕೆ ಬಾ.