ನೀವು ಮಡಚಿಟ್ಟ ಲಾಗ್ ಹಾಳೆ

ಪ್ರೀತಿಯ ಕಾಕಾ,

ನೀವು ಹೋಗಿ ಮೂರು ತಿಂಗಳಾಯಿತು. ಎದುರಿಗೆ ಕೂತಿದ್ದಾಗ ಹೇಳದ ಮಾತನ್ನು ಈಗ ಬರೆಯಲು ಕೂತಿದ್ದೇನೆ, ನೋಡಿ ನನ್ನ ಜಾಣತನ. ಈ ಊರಿನಲ್ಲೇ ಬೆಳೆದ ನಾನು ಮರಾಠಿಯಲ್ಲಾದರೆ ಸರಾಗವಾಗಿ ಬರೆಯುತ್ತಿದ್ದೆ. ಆದರೆ ನಿಮ್ಮ ಹತ್ತಿರ ಸುಳ್ಳು ಹೇಳಿದ್ದು ಕನ್ನಡದಲ್ಲಿ, ನಿಜವನ್ನೂ ಅದರಲ್ಲೇ ಹೇಳಬೇಕಲ್ಲ.

ನಾನು ನೀವಿದ್ದ ಕಂಪ್ಯೂಟರ್ ಅಂಗಡಿಗೆ ಸೇರಿದ ಮೊದಲ ವಾರ ನೆನಪಿದೆಯೇ? ನನ್ನ ಅಪ್ಪ ನಿಮ್ಮ ಧಾರವಾಡದವರು ಎನ್ನುವ ಒಂದೇ ಕಾರಣಕ್ಕೆ ಮಾಲೀಕರಿಗೆ ಹೇಳಿ ಕೆಲಸ ಕೊಡಿಸಿದ್ದಿರಿ. ಒಂದು ಸಾಫ್ಟ್‌ವೇರ್ ಹಾಕುವಾಗ ಅರ್ಧಕ್ಕೆ ಕೆಟ್ಟಿತು. ಪರದೆಯ ಮೇಲೆ ಕೆಂಪು ಅಕ್ಷರ ಕಂಡಿದ್ದೇ ನಿಮ್ಮನ್ನು ಕರೆದೆ. ನೀವು ಲಾಗ್ ಫೈಲ್ ತೆರೆದಿರಿ. ಸಾಫ್ಟ್‌ವೇರ್ ಹಾಕುವಾಗ ಏನೇನಾಯಿತು, ಎಷ್ಟು ಗಂಟೆಗೆ, ಯಾರ ಹೆಸರಿನಲ್ಲಿ, ಎಲ್ಲ ಅಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ ಎಂದು ತೋರಿಸಿದಿರಿ. "ಕೊನೀ ಸಾಲು ಬರೇ ಅಳತೈತಿ. ಹೊಡದವರು ಯಾರಂತ ಮ್ಯಾಲೆ ಹುಡುಕಬೇಕವಾ," ಎಂದಿರಿ. ಆ ಪುಟದ ಪ್ರಿಂಟ್ ತೆಗೆದು, ಮೊದಲ ತಪ್ಪು ಸಿಕ್ಕ ಕಡೆ ಪೆನ್ಸಿಲಿನಿಂದ ‘ಇಲ್ಲಿಂದ’ ಎಂದು ಬರೆದಿರಿ.

ಇತವಾರಿ ಪೇಟೆಯ ಆ ರಕ್ತಪರೀಕ್ಷೆಯ ಲ್ಯಾಬಿಗೆ ಮೊದಲ ಸಲ ಒಬ್ಬಳನ್ನೇ ಕಳಿಸಿದ್ದಿರಿ. ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಬೇಕಿತ್ತು. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ರಿಪೋರ್ಟಿಗೆ ಬಂದವರು ಬಾಗಿಲ ತನಕ ನಿಂತಿದ್ದರು. "ಪಟ್ಟಿ ನಿಂತರ ಕೈ ಹಚ್ಚಬ್ಯಾಡ, ಲಾಗ್ ನೋಡು. ಸಾಲು ಬೆಳಿಯಾಕತ್ತಿದ್ದರ ಕೆಲಸ ನಡದೈತಿ ಅಂತ ತಿಳಕೋ," ಎಂದು ನೀವು ಹೇಳಿಯೇ ಕಳಿಸಿದ್ದಿರಿ. ನಾನು ನೋಡಲಿಲ್ಲ. ಕ್ಯಾನ್ಸಲ್ ಒತ್ತಿದೆ. ಹಳೆಯದು ಹೋಗಿತ್ತು, ಹೊಸದು ಬರಲಿಲ್ಲ. ಆಮೇಲೆ ನಿಮಗೆ ಫೋನ್ ಮಾಡಿ, "ಕಾಕಾ, ತಾನಾಗೇ ನಿಂತುಬಿಡ್ತು," ಎಂದೆ. ಯಾಕೆ ಹಾಗೆಂದೆನೋ...

ನೀವು ಬಂದು ಅರ್ಧ ಗಂಟೆ ಲಾಗ್ ಓದಿದಿರಿ. ಒಂದು ಪುಟ ಪ್ರಿಂಟ್ ತೆಗೆದು, ಮಡಚಿ, ಜೇಬಿನಲ್ಲಿಟ್ಟುಕೊಂಡಿರಿ. ಲ್ಯಾಬಿನ ಮಾಲೀಕ ಸಿಟ್ಟಿನಿಂದ, "ಯೇ ಕಿಸ್ನೇ ಕಿಯಾ?" ಎಂದು ಮಾಡಿದವರ ಹೆಸರು ಕೇಳಿದ. ನೀವು ನನ್ನ ಕಡೆ ತಿರುಗದೆ, "ಮೇರೀ ಗಲತಿ. ಫೈಲ್ ಗಲತ್ ದಿಯಾ ಮೈನೇ," ಎಂದು, ತಪ್ಪು ಫೈಲ್ ಕೊಟ್ಟೆನೆಂದು ಎಲ್ಲ ನಿಮ್ಮ ಮೇಲೆ ಹಾಕಿಕೊಂಡಿರಿ. ನನಗೆ ಜೀವ ಬಂದಂತಾಯಿತು. ತಪ್ಪು ನಿಜವಾಗಿಯೂ ಫೈಲಿನದೇ ಎಂದು ನಂಬಿಬಿಟ್ಟೆ. ನಂಬುವುದು ಎಷ್ಟು ಸುಲಭವಾಗಿತ್ತು ಕಾಕಾ!

ಲ್ಯಾಬಿನ ದೂರು ಕೇಳಿದ ಅಂಗಡಿಯ ಮಾಲೀಕರು ಮರುವಾರದಿಂದ ನಿಮ್ಮನ್ನು ಹೊರಗಿನ ಕೆಲಸಕ್ಕೆ ಕಳಿಸಲಿಲ್ಲ. ವಯಸ್ಸಾಯಿತು ಎಂದರು. ನೀವು ಮೂಲೆಯಲ್ಲಿ ಕೂತು ಕೀಬೋರ್ಡಿನ ಧೂಳು ಒರೆಸುತ್ತಿದ್ದಿರಿ, ನಿಮ್ಮ ಬ್ಯಾಗು ನನ್ನ ಹೆಗಲಿಗೆ ಬಂತು. ದಿನಾ ಸಂಜೆ ನಾನು ಹೊರಡುವಾಗ ನಿಮ್ಮದು ಒಂದೇ ಮಾತು: "ಆ ಲಾಗ್ ಓದಿದಿಯೇನವಾ?" ಯಾವುದು ಎಂದು ಕೇಳಿದರೆ, "ಇರಲಿ ಬಿಡು, ಪುರಸೊತ್ತಾದಾಗ ಓದು," ಎನ್ನುತ್ತಿದ್ದಿರಿ. ಕಾಕಾಗೆ ಮರೆವು ಶುರುವಾಗಿದೆ ಎಂದು ನಾನು ಅಂಗಡಿಯಲ್ಲಿ ಎಲ್ಲರ ಮುಂದೆ ನಕ್ಕಿದ್ದೇನೆ. ಆ ನಗು ನಿಮಗೆ ಕೇಳಿಸಿತ್ತೇ?

ಕಳೆದ ಭಾನುವಾರ ಕಾಕು ನನ್ನನ್ನು ನಿಮ್ಮ ಮನೆಗೆ ಕರೆದು, ನಿಮ್ಮ ಹಳೆಯ ಪುಸ್ತಕಗಳನ್ನು ಒಯ್ಯಲು ಹೇಳಿದರು. ಒಂದರ ನಡುವೆ ಆ ಹಾಳೆ ಇತ್ತು. ಎಲ್ಲರೂ ತಮ್ಮ ಹೆಸರಿನಲ್ಲೇ ಲಾಗಿನ್ ಆಗಬೇಕೆಂಬುದು ನಿಮ್ಮದೇ ನಿಯಮ. ನನ್ನ ಹೆಸರು, ಸಮಯ, ಬಳಕೆದಾರರೇ ಇನ್‌ಸ್ಟಾಲೇಶನ್ ನಿಲ್ಲಿಸಿದ್ದಾರೆ ಎಂಬ ಸಾಲು. ಪಕ್ಕದಲ್ಲಿ ನಿಮ್ಮ ಪೆನ್ಸಿಲು: ‘ಇಲ್ಲಿಂದ.’ ಅದರ ಕೆಳಗೆ ಇನ್ನೊಂದು ಸಾಲು: ‘ತಾನ ಹೇಳತಾಳ.’

ಅಲ್ಲೇ ಕಾಕುಗೆ ಎಲ್ಲ ಹೇಳಿದೆ. ಅವರು ಹಾಳೆಯನ್ನು ಮೊದಲಿದ್ದಂತೆಯೇ ಮಡಚಿ ನನ್ನ ಕೈಗೆ ಕೊಟ್ಟರು. "ಕೆಲಸ ಇಲ್ದ ಕೈ ಹೋತು ನಂದು, ಇನ್ನ ಮ್ಯಾಲೆ ಯಾರೂ ಕರಿಯಂಗಿಲ್ಲ ಅಂತ ಕೊರಗತಿದ್ದರವಾ. ಅವರಿದ್ದಾಗ ಹೇಳಬೇಕಿತ್ತಲ್ಲ ನೀನು," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಚಹಾ ಮಾಡಲು ಒಳಗೆ ಹೋದರು. ಕುಡಿಯದೆ ಎದ್ದು ಬರುವ ಧೈರ್ಯವೂ ನನಗೆ ಇರಲಿಲ್ಲ.

ಇಂದು ಬೆಳಿಗ್ಗೆ ಲ್ಯಾಬಿಗೂ ಹೋಗಿ ನಿಜ ಹೇಳಿದೆ. "ದೀದಿ, ವೋ ತೋ ಚಲೇ ಗಯೇ, ಅಬ್ ಕಾಯ್ಕೋ?" ಎಂದ ಮಾಲೀಕ, ಅವರೇ ಹೋದ ಮೇಲೆ ಈಗ ಯಾಕೆ ಎಂಬಂತೆ. ಆಮೇಲೆ ಅಂಗಡಿಯಲ್ಲಿ, ಅಂದು ನನ್ನ ಜೊತೆ ನಕ್ಕಿದ್ದವರ ಮುಂದೆಯೇ, ಆ ಹಾಳೆಯನ್ನು ಮಾಲೀಕರ ಮೇಜಿನ ಮೇಲಿಟ್ಟು ನನ್ನ ಹೆಸರಿನ ಸಾಲನ್ನು ಗಟ್ಟಿಯಾಗಿ ಓದಿದೆ. ನಾಳೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ, ಗೊತ್ತಿಲ್ಲ. ಹೊರಡುವಾಗ ಅಭ್ಯಾಸಬಲದಿಂದ ನಿಮ್ಮ ಮೂಲೆಯ ಹತ್ತಿರ ನಿಂತೆ. ನೀವು ದಿನಾ ಕೇಳುತ್ತಿದ್ದ ಮಾತನ್ನು ಯಾರೂ ಕೇಳಲಿಲ್ಲ.

ಓದಿದೆ, ಕಾಕಾ.

ನಿಮ್ಮ
ಸುಧಾ